ಒಂದೇ ಕೇಸು ಸಾಕ್ಷಿಯಲ್ಲವೇ?

ಕೋಲಾರದ ಆಸ್ಪತ್ರೆಯೊಂದಕ್ಕೆ 38 ವರ್ಷದ ಹೆಣ್ಣುಮಗಳೊಬ್ಬರು ಹೃದಯದ ಆಪರೇಷನ್‌ಗೆಂದು ದಾಖಲಾದರು. ರಕ್ತದ ಗುಂಪು ಓ ಪಾಸಿಟಿವ್. ನಮ್ಮ ಸೀಮೆಯಲ್ಲಿ ಇದಕ್ಕಿಂತ ಸುಲಭವಾಗಿ ಸಿಗುವ ಗುಂಪು ಬೇರೆಯಿಲ್ಲ. ಆದರೆ ತಂದಿಟ್ಟ ಓ ಪಾಸಿಟಿವ್ ರಕ್ತದಲ್ಲಿ ಒಂದು ಯೂನಿಟ್ಟೂ ಆಕೆಗೆ ಹೊಂದಲಿಲ್ಲ. ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರಕ್ಕೆ ಬಂತು. ಅಲ್ಲಿನವರು ಪರೀಕ್ಷೆಗೆಂದೇ ಇಟ್ಟುಕೊಂಡ ಕೆಂಪು ಕಣಗಳ ಜೊತೆ ಆಕೆಯ ಸೀರಂ ಬೆರೆಸಿ ನೋಡಿದರು. ಯಾವ ಕಣಗಳ ಜೊತೆ ಬೆರೆಸಿದರೂ ಅದು ಸುಮ್ಮನಿರಲಿಲ್ಲ, ಎಲ್ಲವನ್ನೂ ಪರಕೀಯವೆಂದೇ ಕಂಡಿತು. ಮನೆಯವರಲ್ಲಿ 20 ಮಂದಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಂಡರು. ಒಬ್ಬರದೂ ಕೂಡಿಬರಲಿಲ್ಲ. ಕೊನೆಗೆ ವೈದ್ಯರು ಹೊರಗಿನ ಒಂದು ಹನಿ ರಕ್ತವನ್ನೂ ಕೊಡದೆ ಆಪರೇಷನ್ ಮುಗಿಸಿದರು. ಆಕೆಯ ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪ್ರಯೋಗಾಲಯಕ್ಕೆ ಹೋಯಿತು. ಸುಮಾರು 10 ತಿಂಗಳ ಹುಡುಕಾಟದ ಬಳಿಕ, ಜಗತ್ತಿನಲ್ಲಿ ಯಾರೂ ಅದುವರೆಗೆ ಗುರುತಿಸದಿದ್ದ ಆಂಟಿಜೆನ್ ಒಂದು ಪತ್ತೆಯಾಯಿತು. 2025ರ ಜೂನ್‌ನಲ್ಲಿ ಮಿಲಾನ್ ನಗರದ ರಕ್ತವಿಜ್ಞಾನಿಗಳ ಸಮ್ಮೇಳನದಲ್ಲಿ ಅದಕ್ಕೆ ಇಟ್ಟ ಹೆಸರು ‘ಕ್ರಿಬ್’. ಅದು ಕ್ರೋಮರ್ ಎಂಬ ರಕ್ತಗುಂಪಿನ ವ್ಯವಸ್ಥೆಗೆ ಸೇರಿದ್ದು. ಇಂಗ್ಲಿಷಿನಲ್ಲಿ ಬರೆದಾಗ ಹೆಸರಿನ ಕೊನೆಯ ಎರಡು ಅಕ್ಷರಗಳು ಇಂಡಿಯಾ ಮತ್ತು ಬೆಂಗಳೂರಿನವು.

ಒಬ್ಬ ರೋಗಿ, ಒಂದು ಕೇಸು. ಹೋಲಿಸಲು ಇನ್ನೊಂದು ಗುಂಪಿಲ್ಲ, ಚೀಟಿ ಎತ್ತಿ ರೋಗಿಗಳನ್ನು ಹಂಚಿಲ್ಲ, ಪಿ ವ್ಯಾಲ್ಯೂ ಇಲ್ಲ.

ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಇವತ್ತು ಬೇರೂರಿರುವ ಅಭಿಪ್ರಾಯದ ಪ್ರಕಾರ ಇಂಥದ್ದು ಸಂಶೋಧನೆಯ ಲೆಕ್ಕಕ್ಕೇ ಬಾರದು. ಎಂಬಿಬಿಎಸ್ ವಿದ್ಯಾರ್ಥಿಗೆ ತೋರಿಸುವ ತ್ರಿಕೋನದ ಚಿತ್ರವೊಂದಿದೆ, ‘ಸಾಕ್ಷ್ಯದ ಪಿರಮಿಡ್’ ಎಂದು ಅದಕ್ಕೆ ಹೆಸರು. ತುದಿಯಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ಅದರ ಕೆಳಗೆ ಸಾವಿರಾರು ರೋಗಿಗಳ ಮೇಲಿನ ಪ್ರಯೋಗ, ಹಾಗೇ ಇಳಿಯುತ್ತಾ ಬಂದರೆ ತೀರಾ ಬುಡದಲ್ಲಿ ಕೇಸ್ ರಿಪೋರ್ಟ್. ವಿದ್ಯಾರ್ಥಿ ಅದನ್ನು ನೋಡಿ ಕಲಿಯುವುದು ಒಂದೇ ಪಾಠ: ಒಬ್ಬ ರೋಗಿಯ ಕಥೆ ಕುತೂಹಲಕ್ಕೆ ಚೆನ್ನ, ಜ್ಞಾನಕ್ಕೆ ಸಾಲದು. ಈ ಪಾಠ ತಪ್ಪು. ಅಂಚಿನಲ್ಲಿ ಎಲ್ಲೋ ತಿದ್ದಿದರೆ ಸರಿಹೋಗುವ ತಪ್ಪಲ್ಲ, ಬುಡದಲ್ಲೇ ಇರುವ ತಪ್ಪು. ಭಾರತದಂಥ ದೇಶಕ್ಕೆ ಇದರಿಂದ ಆಗುತ್ತಿರುವ ನಷ್ಟ ಸಣ್ಣದೂ ಅಲ್ಲ.

ದೊಡ್ಡ ಪ್ರಯೋಗಗಳನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. 1940ರ ದಶಕದ ಕೊನೆಯಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆಯೇ ಎಂದು ಬ್ರಿಟನ್ನಿನಲ್ಲಿ ಪರೀಕ್ಷಿಸಿದ ಕ್ರಮ ವೈದ್ಯಕೀಯವನ್ನು ಮೂಢನಂಬಿಕೆಯಿಂದ ಮೇಲೆತ್ತಿತು. ಹೃದಯದ ತಪ್ಪು ಬಡಿತವನ್ನು ಅಡಗಿಸುವ ಮಾತ್ರೆ ಹೃದಯಾಘಾತವಾದವರ ಜೀವ ಉಳಿಸುತ್ತದೆಂದು ವೈದ್ಯರು ವರ್ಷಗಟ್ಟಲೆ ನಂಬಿ ಬರೆದುಕೊಟ್ಟರು. 1980ರ ದಶಕದ ಕೊನೆಯಲ್ಲಿ ‘ಕಾಸ್ಟ್’ ಎಂಬ ಪ್ರಯೋಗ ನಡೆಸಿ ನೋಡಿದಾಗ ಅದೇ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಹೆಚ್ಚಿತ್ತು. ಆ ಸತ್ಯವನ್ನು ಯಾವ ಒಂಟಿ ಕೇಸೂ ಹೇಳುತ್ತಿರಲಿಲ್ಲ. ಔಷಧಿಯಿಂದ ಎಷ್ಟು ಜನಕ್ಕೆ ಎಷ್ಟು ಗುಣ ಎಂದು ಕೇಳಿದರೆ ಉತ್ತರ ಕೊಡಬೇಕಾದ್ದು ದೊಡ್ಡ ಪ್ರಯೋಗವೇ.

ಆದರೆ ಅದು ಕೇಳುವುದು ಎಷ್ಟು ಎಂಬ ಪ್ರಶ್ನೆಯನ್ನು ಮಾತ್ರ. ಏನೋ ಇದೆಯೇ, ಇಲ್ಲವೇ ಎಂಬುದು ಅದಕ್ಕಿಂತ ಮೊದಲಿನ ಪ್ರಶ್ನೆ, ಬೇರೆಯದೇ ಪ್ರಶ್ನೆ. ಕಣದಲ್ಲಿ ರಾಶಿಯ ತೂಕ ಹಾಕುವವನೂ ಬೇಕು, ಹೊಲದಲ್ಲಿ ಮೊದಲ ತೆನೆಗೆ ಹುಳ ಬಿದ್ದಿದ್ದು ಕಂಡವನೂ ಬೇಕು. ಇಬ್ಬರನ್ನೂ ಒಂದೇ ಏಣಿಯ ಮೇಲೆ ನಿಲ್ಲಿಸಿ ಯಾರು ಮೇಲು ಯಾರು ಕೀಳು ಎಂದು ಕೇಳುವುದರಲ್ಲೇ ಎಡವಟ್ಟಿದೆ.

ಸಂಖ್ಯಾಶಾಸ್ತ್ರದವರೇ ಹೇಳಿಕೊಡುವ ಸರಳ ಲೆಕ್ಕವೊಂದಿದೆ. 3,000 ಜನಕ್ಕೆ ಔಷಧಿ ಕೊಟ್ಟು, ಒಬ್ಬರಿಗೂ ಒಂದು ನಿರ್ದಿಷ್ಟ ತೊಂದರೆ ಆಗಲಿಲ್ಲವೆಂದರೂ, ಸಾವಿರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಆ ತೊಂದರೆ ಆಗದು ಎಂದಷ್ಟೇ ಹೇಳಬಹುದು. ಹತ್ತು ಸಾವಿರಕ್ಕೆ ಒಬ್ಬರಿಗೆ ಆಗುವುದನ್ನು ತಳ್ಳಿಹಾಕಲು 30,000 ಜನ ಬೇಕು. ಲಕ್ಷಕ್ಕೆ ಒಬ್ಬರಾದರೆ ಮೂರು ಲಕ್ಷ. ಅಷ್ಟು ದೊಡ್ಡ ಪ್ರಯೋಗ ಮಾಡಿ ಮಾರುಕಟ್ಟೆಗೆ ಬಂದ ಔಷಧಿ ಬಹಳ ಅಪರೂಪ. ಜೊತೆಗೆ ಪ್ರಯೋಗಕ್ಕೆ ಆರಿಸಿಕೊಳ್ಳುವುದು ಎಂಥವರನ್ನು ಎಂಬುದನ್ನೂ ನೋಡಬೇಕು. ಬಸುರಿಯರನ್ನು ಬಿಡುತ್ತಾರೆ, ಕಿಡ್ನಿ ಸೋತವರನ್ನು ಬಿಡುತ್ತಾರೆ, ವಯಸ್ಸಾದವರನ್ನೂ ನಾಲ್ಕಾರು ಕಾಯಿಲೆ ಕೂಡಿಕೊಂಡವರನ್ನೂ ಅನೇಕ ಸಲ ಬಿಡುತ್ತಾರೆ. ಜನರಲ್ ಮೆಡಿಸಿನ್ ವಾರ್ಡಿಗೆ ಬಂದು ಮಲಗುವವರು ಬಹುಪಾಲು ಇವರೇ: ಸಕ್ಕರೆ ಕಾಯಿಲೆ, ಬಿಪಿ, ಅರ್ಧ ಸೋತ ಕಿಡ್ನಿ, ಮೂರು ಕಡೆಯ ವೈದ್ಯರು ಬರೆದ ಒಂಬತ್ತು ಮಾತ್ರೆ. ಪ್ರಯೋಗದ ಬಾಗಿಲಲ್ಲೇ ತಡೆದು ಕಳಿಸಿದವರ ದೇಹದಲ್ಲಿ ಏನಾಗುತ್ತದೆಂದು ಆ ಪ್ರಯೋಗ ಹೇಗೆ ಹೇಳೀತು?

ಕೋವಿಡ್ ಕಾಲದ ಒಂದು ಸಂಗತಿಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆಕ್ಸ್‌ಫರ್ಡ್–ಆಸ್ಟ್ರಾಜೆನೆಕಾ ಲಸಿಕೆ, ಅಂದರೆ ನಮ್ಮಲ್ಲಿ ಕೋವಿಶೀಲ್ಡ್ ಎಂದು ಕೋಟ್ಯಂತರ ಜನ ಹಾಕಿಸಿಕೊಂಡದ್ದು, ಬ್ರಿಟನ್, ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾದ ಪ್ರಯೋಗಗಳನ್ನು ದಾಟಿ ಬಂದಿತ್ತು. 2020ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ವರದಿಯಲ್ಲಿ 23,848 ಮಂದಿ ಇದ್ದರು. ಒಳ್ಳೆಯ ಪ್ರಯೋಗ, ಪ್ರಾಮಾಣಿಕ ಪ್ರಯೋಗ. 2021ರ ಮಾರ್ಚ್‌ನಲ್ಲಿ ನಾರ್ವೆಯ ಆಸ್ಲೊ ಆಸ್ಪತ್ರೆಗೆ ಐವರು ಬಂದರು. 32ರಿಂದ 54 ವರ್ಷದೊಳಗಿನ ಆರೋಗ್ಯ ಕಾರ್ಯಕರ್ತರು, ಲಸಿಕೆ ಹಾಕಿಸಿಕೊಂಡು ಏಳರಿಂದ ಹತ್ತು ದಿನವಾದವರು. ರಕ್ತ ಹೆಪ್ಪುಗಟ್ಟಿದ್ದು ಎಲ್ಲೆಲ್ಲಿ ಎಂದರೆ ಸಾಮಾನ್ಯವಾಗಿ ಕಟ್ಟದ ಜಾಗಗಳಲ್ಲಿ. ನಾಲ್ವರಿಗೆ ಮೆದುಳಿನ ರಕ್ತನಾಳದಲ್ಲೇ. ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಮಾತ್ರ ನೆಲ ಕಚ್ಚಿತ್ತು. ಪ್ಲೇಟ್‌ಲೆಟ್ ಕಡಿಮೆಯಾದರೆ ರಕ್ತ ಸೋರಬೇಕು, ಇಲ್ಲಿ ಕಟ್ಟುತ್ತಿತ್ತು. ಒಂದಕ್ಕೊಂದು ಕೂಡದ ಈ ಎರಡು ಸಂಗತಿಗಳು ಒಂದೇ ಕೇಸ್ ಶೀಟಿನಲ್ಲಿ ಬಂದದ್ದೇ ವೈದ್ಯರ ಕಣ್ಣಿಗೆ ಚುಚ್ಚಿತು.

ಹೆಪಾರಿನ್ ಎಂಬ ಔಷಧಿಯಿಂದ ಕೆಲವರಿಗೆ ಇಂಥದ್ದೇ ವಿಚಿತ್ರ ಆಗುತ್ತದೆ. ಆದರೆ ಈ ಐವರಲ್ಲಿ ಯಾರೂ ಅದಕ್ಕೆ ಮೊದಲು ಹೆಪಾರಿನ್ ತೆಗೆದುಕೊಂಡಿರಲಿಲ್ಲ. ಆದರೂ ಆ ವಿಚಿತ್ರಕ್ಕೆ ಕಾರಣವಾಗುವ ಪ್ರತಿಕಾಯವನ್ನು ಹುಡುಕಿ ನೋಡಿದರು, ಅದು ಇತ್ತು. ಅದೇ ವೇಳೆಗೆ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ಆಂಡ್ರಿಯಾಸ್ ಗ್ರೈನಾಖರ್ ಮತ್ತು ಸಂಗಡಿಗರು 11 ರೋಗಿಗಳಲ್ಲಿ ಅದನ್ನೇ ಕಂಡರು. 2021ರ ಏಪ್ರಿಲ್ 9ರಂದು ಎರಡೂ ವರದಿಗಳು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದವು. ನಾರ್ವೆಯ ಐವರಲ್ಲಿ ಮೂವರು ತೀರಿಕೊಂಡಿದ್ದರು. ಅವರು 1,30,000ಕ್ಕೂ ಹೆಚ್ಚು ಲಸಿಕೆ ಪಡೆದವರ ಪೈಕಿ ಐವರು. ಸುಮಾರು 24,000 ಜನರ ಪ್ರಯೋಗದಲ್ಲಿ ಇದು ಕಾಣಿಸುವ ಮಾತೇ ಇರಲಿಲ್ಲ. ಆ ಎರಡು ವರದಿಗಳಿಂದ ಜಗತ್ತಿನ ತುರ್ತು ಚಿಕಿತ್ಸಾ ವೈದ್ಯರಿಗೆ ಯಾವ ಪರೀಕ್ಷೆ ಮಾಡಿಸಬೇಕು, ಹೆಪಾರಿನ್ ಏಕೆ ಕೊಡಬಾರದು, ಇಮ್ಯುನೊಗ್ಲೋಬ್ಯುಲಿನ್ ಏಕೆ ಕೊಡಬೇಕು ಎಂಬುದು ಗೊತ್ತಾಯಿತು. ಬ್ರಿಟನ್ ಮೇ ತಿಂಗಳಲ್ಲಿ 40 ದಾಟದವರಿಗೆ ಬೇರೆ ಲಸಿಕೆ ಕೊಡಲು ತೀರ್ಮಾನಿಸಿತು. ಲಸಿಕೆಯಿಂದ ಉಳಿದ ಜೀವಗಳ ಲೆಕ್ಕಕ್ಕೂ ಇದಕ್ಕೂ ಜಗಳವಿಲ್ಲ. ಆ ಲೆಕ್ಕವನ್ನು ಪ್ರಯೋಗ ಕೊಟ್ಟಿತು, ಈ ಎಚ್ಚರವನ್ನು ಕೇಸುಗಳು ಕೊಟ್ಟವು. ಪಿರಮಿಡ್ಡಿನ ಬುಡದಲ್ಲಿರುವುದು ಎಂದು ಆ ಎಚ್ಚರವನ್ನು ಮೂಲೆಗೆ ತಳ್ಳಿದ್ದರೆ ಇನ್ನೆಷ್ಟು ಜನ ತಪ್ಪು ಔಷಧಿಯಿಂದ ಸಾಯಬೇಕಿತ್ತು?

ಕೇಸ್ ರಿಪೋರ್ಟ್ ಪರವಾಗಿ ಮಾತಾಡುವವರು ಥ್ಯಾಲಿಡೊಮೈಡ್ ಕಥೆ ಹೇಳದೆ ಬಿಡುವುದಿಲ್ಲ. ಸಿಡ್ನಿಯ ವಿಲಿಯಂ ಮೆಕ್‌ಬ್ರೈಡ್ 1961ರ ಡಿಸೆಂಬರ್‌ನಲ್ಲಿ ಲ್ಯಾನ್ಸೆಟ್‌ಗೆ ಬರೆದ ಕೆಲವೇ ಸಾಲುಗಳ ಪತ್ರ, ಕೈಕಾಲು ಬೆಳೆಯದೆ ಹುಟ್ಟಿದ ಮಕ್ಕಳು, ಜಗತ್ತಿನಾದ್ಯಂತ ಸುಮಾರು 10,000 ಕುಟುಂಬಗಳ ದುಃಖ: ಇಷ್ಟು ಎಲ್ಲರಿಗೂ ಗೊತ್ತು. ಅದಕ್ಕಿಂತ ಒಂದು ವರ್ಷ ಮೊದಲಿನ ಇನ್ನೊಂದು ಪತ್ರವನ್ನು ನೆನೆಯುವವರು ಕಡಿಮೆ. ಸ್ಕಾಟ್ಲೆಂಡಿನ ಟರಿಫ್ ಎಂಬ ಸಣ್ಣ ಊರಿನ ಸಾಮಾನ್ಯ ವೈದ್ಯ ಲೆಸ್ಲಿ ಫ್ಲಾರೆನ್ಸ್, 1960ರ ಡಿಸೆಂಬರ್ 31ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮ್ಮ ನಾಲ್ವರು ರೋಗಿಗಳ ಬಗ್ಗೆ ಬರೆದರು. ಬಹುಕಾಲ ಥ್ಯಾಲಿಡೊಮೈಡ್ ನುಂಗಿದ ಆ ನಾಲ್ವರಿಗೆ ಕೈಕಾಲು ಜೋಮು ಹಿಡಿದಿತ್ತು. ಕಾರಣ ಈ ಮಾತ್ರೆಯೇ ಇರಬಹುದೇ ಎಂಬುದಷ್ಟೇ ಅವರ ಪ್ರಶ್ನೆ. ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಯ ಮೇಜಿನ ಮೇಲೆ ಅದೇ ಔಷಧಿಯ ಅರ್ಜಿ ಕೂತಿತ್ತು. ಕಂಪನಿಯಿಂದ ಒತ್ತಡವೋ ಒತ್ತಡ. 1961ರ ಫೆಬ್ರವರಿಯಲ್ಲಿ ಕೆಲ್ಸಿ ಆ ಪತ್ರ ಓದಿದರು. ನರಕ್ಕೆ ಹಾನಿ ಮಾಡುವ ವಸ್ತು ಗರ್ಭದಲ್ಲಿರುವ ಮಗುವಿಗೆ ಏನು ಮಾಡೀತು, ಲೆಕ್ಕ ಕೊಡಿ ಎಂದು ಪಟ್ಟು ಹಿಡಿದರು. ಅಷ್ಟರಲ್ಲಿ ಜರ್ಮನಿಯಿಂದಲೂ ಆಸ್ಟ್ರೇಲಿಯಾದಿಂದಲೂ ಕೆಟ್ಟ ಸುದ್ದಿ ಬಂತು. ಆ ಕಾಲದಲ್ಲಿ ಅಮೆರಿಕದ ಅಂಗಡಿಗಳಿಗೆ ಥ್ಯಾಲಿಡೊಮೈಡ್ ಬರಲೇ ಇಲ್ಲ. ಹಳ್ಳಿಗಾಡಿನ ವೈದ್ಯರೊಬ್ಬರು ನಾಲ್ಕು ಜನರ ಜೋಮನ್ನು ಗಮನಿಸಿ ಬರೆದದ್ದಕ್ಕೆ, ಒಬ್ಬ ಅಧಿಕಾರಿ ಅದನ್ನು ಓದಿ ಲೆಕ್ಕಕ್ಕೆ ತೆಗೆದುಕೊಂಡದ್ದಕ್ಕೆ, ಒಂದು ದೇಶದ ಮಕ್ಕಳ ಕೈಕಾಲು ಉಳಿಯಿತು.

ಅದೇ ಮೆಕ್‌ಬ್ರೈಡ್ ಮುಂದೆ ಬೇರೊಂದು ಔಷಧಿಯ ವಿಚಾರದಲ್ಲಿ ಅಂಕಿ ಅಂಶ ತಿದ್ದಿ ಸಿಕ್ಕಿಬಿದ್ದು, 1993ರಲ್ಲಿ ವೈದ್ಯರ ಪಟ್ಟಿಯಿಂದ ಹೆಸರು ಕಳೆದುಕೊಂಡರು. ಇದನ್ನು ಮುಚ್ಚಿಡಬೇಕಿಲ್ಲ. 1961ರ ಪತ್ರ ನಿಂತದ್ದು ಬರೆದವರ ದೊಡ್ಡಸ್ತಿಕೆಯಿಂದ ಅಲ್ಲ. ನಿಮಗೂ ಇಂಥ ಕೇಸು ಕಂಡಿದೆಯೇ ಎಂದು ಅದು ಲೋಕವನ್ನು ಕೇಳಿತು, ಕಂಡಿದೆ ಎಂದು ಲೋಕ ಉತ್ತರಿಸಿತು.

ಕೇಸ್ ರಿಪೋರ್ಟ್‌ಗಳ ಮೇಲೆ ಆರೋಪ ಹೊರಿಸುವವರು ಕೊಡುವ ದೊಡ್ಡ ಉದಾಹರಣೆ ಆಂಡ್ರ್ಯೂ ವೇಕ್‌ಫೀಲ್ಡ್ ಅವರದು. 1998ರಲ್ಲಿ 12 ಮಕ್ಕಳ ಕಥೆ ಬರೆದು ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಲೇಖನ. ಅದರ ವಿಷ ಇವತ್ತಿಗೂ ಪೂರ್ತಿ ಇಳಿದಿಲ್ಲ. ನೋಡಿ, ಹನ್ನೆರಡು ಕೇಸು ಇಟ್ಟುಕೊಂಡು ಎಷ್ಟು ಅನಾಹುತ ಮಾಡಿದರು ಎನ್ನುತ್ತಾರೆ. ಆದರೆ ಆ ಲೇಖನವನ್ನು 2010ರಲ್ಲಿ ಲ್ಯಾನ್ಸೆಟ್ ಹಿಂತೆಗೆದುಕೊಂಡದ್ದು ಮಕ್ಕಳ ಸಂಖ್ಯೆ ಕಡಿಮೆ ಎಂದಲ್ಲ. ಮಕ್ಕಳನ್ನು ಆರಿಸಿದ ರೀತಿಯ ಬಗ್ಗೆ, ಪಡೆದ ಅನುಮತಿಯ ಬಗ್ಗೆ ಅದರಲ್ಲಿ ಹೇಳಿದ್ದು ಸುಳ್ಳಾಗಿತ್ತು. ಸುಳ್ಳನ್ನು 12 ಮಕ್ಕಳ ಮೇಲೂ ಹೇಳಬಹುದು, 12,000 ಜನರ ಮೇಲೂ ಹೇಳಬಹುದು. ಕೇಸು ಎತ್ತಿದ ಪ್ರಶ್ನೆಗೆ ಲಕ್ಷಾಂತರ ಮಕ್ಕಳ ಅಧ್ಯಯನಗಳು ಇಲ್ಲ ಎಂದು ಉತ್ತರ ಕೊಟ್ಟವು. ವ್ಯವಸ್ಥೆ ನಡೆಯಬೇಕಾದ್ದೇ ಹಾಗೆ. ತಪ್ಪು ದೂರು ಬಂತೆಂದು ಯಾವ ಊರಿನಲ್ಲೂ ಪೊಲೀಸ್ ಠಾಣೆ ಮುಚ್ಚುವುದಿಲ್ಲ.

ನಮ್ಮ ದೇಶದಲ್ಲೇ ನಡೆದದ್ದನ್ನು ನೋಡೋಣ. 2001ರ ಜನವರಿ–ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಜ್ವರ ಬಂದು ಮತಿ ತಪ್ಪಿ ಜನ ಸಾಯತೊಡಗಿದರು. 66 ಮಂದಿಗೆ ತಗಲಿತು, 45 ಮಂದಿ ಹೋದರು. ಅವರಲ್ಲಿ ಬಹಳ ಮಂದಿಗೆ ಅದು ಅಂಟಿದ್ದು ಆಸ್ಪತ್ರೆಗಳಲ್ಲೇ. ಆ ಕಾಯಿಲೆ ನಿಪಾ ಎಂದು ಲೋಕಕ್ಕೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಕೂಡಿಟ್ಟಿದ್ದ ಮಾದರಿಗಳನ್ನು ತೆಗೆದು ಪರೀಕ್ಷಿಸಿದಾಗ. ವಿವರವಾದ ವರದಿ ಬಂದದ್ದು 2006ರಲ್ಲಿ. ಇನ್ನು 2018ರ ಮೇ ತಿಂಗಳ ಕೋಯಿಕ್ಕೋಡ್. ಬೇಬಿ ಮೆಮೋರಿಯಲ್ ಆಸ್ಪತ್ರೆಗೆ ನಡುರಾತ್ರಿ ಯುವಕನೊಬ್ಬನನ್ನು ತಂದರು. ಮೆದುಳು ಜ್ವರದ ಲಕ್ಷಣ, ಆದರೆ ಹೃದಯ ಬಡಿಯುವ ರೀತಿ, ಏರಿದ ರಕ್ತದೊತ್ತಡ, ಯಾವುದೂ ಮಾಮೂಲಿ ಮೆದುಳು ಜ್ವರಕ್ಕೆ ಹೊಂದುತ್ತಿರಲಿಲ್ಲ. ತೀವ್ರ ನಿಗಾ ಚಿಕಿತ್ಸೆಯ ಡಾ. ಅನೂಪ್ ಕುಮಾರ್ ಮತ್ತು ಜೊತೆಯವರು ಮನೆಯವರನ್ನು ಕೂರಿಸಿಕೊಂಡು ಕೇಳಿದರು. ಎರಡು ವಾರದ ಹಿಂದೆ ಇವನ ತಮ್ಮ ಹೀಗೇ ತೀರಿಕೊಂಡ. ಈಗ ತಂದೆಗೂ ಜ್ವರ, ಹತ್ತಿರದ ಬಂಧುವೊಬ್ಬರಿಗೂ ಜ್ವರ. ಮಾದರಿ ಹೋದದ್ದು ನಮ್ಮ ಮಣಿಪಾಲಕ್ಕೆ, ಡಾ. ಜಿ. ಅರುಣ್‌ಕುಮಾರ್ ನೇತೃತ್ವದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಕೆಲವೇ ದಿನಗಳಲ್ಲಿ ನಿಪಾ ಎಂದು ಖಚಿತವಾಯಿತು. ಮೊದಲ ರೋಗಿಯ ಆರೈಕೆ ಮಾಡಿದ್ದ ನರ್ಸ್ ಲಿನಿ ಸೇರಿ 17 ಜೀವ ಹೋದವು. ಆದರೆ ಎರಡನೇ ರೋಗಿಯ ಹಾಸಿಗೆಯ ಪಕ್ಕದಲ್ಲೇ ಕಾಯಿಲೆಗೆ ಹೆಸರು ಸಿಕ್ಕಿದ್ದರಿಂದ, ಮೇ ಮುಗಿಯುವಷ್ಟರಲ್ಲಿ ಹೊಸಬರಿಗೆ ತಗಲುವುದು ನಿಂತಿತು. ಸಿಲಿಗುರಿಯಲ್ಲಿದ್ದವರೂ ಶ್ರದ್ಧೆಯ ವೈದ್ಯರೇ. ನಿಪಾ ಭಾರತಕ್ಕೆ ಬಂದೀತೆಂಬ ಎಣಿಕೆಯೇ ಆಗ ಯಾರಿಗೂ ಇರಲಿಲ್ಲ. ಕೋಯಿಕ್ಕೋಡ್‌ನವರಿಗೆ ಇತ್ತು, ಯಾಕೆಂದರೆ ನಡುವೆ ಯಾರೋ ಆ ಹಳೆಯ ಕೇಸುಗಳನ್ನು ಕೆದಕಿ ಬರೆದಿಟ್ಟಿದ್ದರು.

ಅಮೃತಬಳ್ಳಿಯ ಪ್ರಸಂಗ ಇನ್ನೂ ಮನೆಬಾಗಿಲಿನದು. ಕೋವಿಡ್ ದಿನಗಳಲ್ಲಿ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂದು ಕಾಂಪೌಂಡಿನ ಬಳ್ಳಿ ಕಿತ್ತು ಕಷಾಯ ಕುದಿಸಿ ಕುಡಿದವರು ಎಷ್ಟು ಮನೆಗಳಲ್ಲಿಲ್ಲ! 2021ರಲ್ಲಿ ಮುಂಬಯಿಯ ಲಿವರ್ ತಜ್ಞೆ ಡಾ. ಆಭಾ ನಾಗರಾಳ್ ಮತ್ತು ಸಂಗಡಿಗರು ಆರು ರೋಗಿಗಳ ವರದಿ ಪ್ರಕಟಿಸಿದರು. ಎಲ್ಲರೂ ಅಮೃತಬಳ್ಳಿ ಸೇವಿಸಿದವರು, ಎಲ್ಲರ ಲಿವರ್‌ಗೂ ಪೆಟ್ಟು ಬಿದ್ದಿತ್ತು. ಆಯುಷ್ ಸಚಿವಾಲಯ ಅದು ದಾರಿ ತಪ್ಪಿಸುವ ವರದಿ ಎಂದಿತು. ಬಳ್ಳಿ ಬೇರೆ ಜಾತಿಯದ್ದಿರಬಹುದು ಎಂದಿತು. ಬಳ್ಳಿ ಯಾವುದೆಂದು ಕೇಳಿದ್ದು ನ್ಯಾಯವೇ. ಆದರೆ ಹೊರಗೆ ಜನರ ಬಾಯಲ್ಲಿ ಓಡಾಡಿದ ವಾದ ಬೇರೆ: ಬರೀ ಆರು ಜನರನ್ನು ಇಟ್ಟುಕೊಂಡು ಸಾವಿರಾರು ವರ್ಷದ ಮದ್ದನ್ನು ದೂರುತ್ತೀರಾ? ಮುಂದಿನ ವರ್ಷ ದೇಶದ 13 ಕೇಂದ್ರಗಳ ವೈದ್ಯರು ಕೂಡಿ ಅಂಥದ್ದೇ 43 ರೋಗಿಗಳ ವಿವರ ಪ್ರಕಟಿಸಿದರು. ಆ ಆರನ್ನು ಯಾರೂ ಬರೆಯದಿದ್ದರೆ, ಈ 43 ಮಂದಿಯನ್ನು ಒಂದು ಕಡೆ ತರುವ ಯೋಚನೆ ಯಾರಿಗೆ ಬರುತ್ತಿತ್ತು?

ಇಂಥ ಸಂಗತಿ ಹೊರಬೀಳುವುದು ವಾರ್ಡಿನ ಮಾತುಕತೆಯಲ್ಲಿ. ನಮ್ಮ ಯಾವ ಜಿಲ್ಲಾ ಆಸ್ಪತ್ರೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಕಣ್ಣು ಅರಿಶಿನವಾದ ಹೆಂಗಸು ಮಂಚದ ಮೇಲೆ ಕೂತಿದ್ದಾರೆ. ಕೇಸ್ ಶೀಟ್ ಹಿಡಿದ ಪಿಜಿ ಹುಡುಗ ಕೇಳುತ್ತಾನೆ, ‘ಅಮ್ಮಾ, ಬೇರೆ ಏನಾದರೂ ಔಷಧಿ ತಗೊಳ್ತಿದ್ರಾ?’ ‘ಇಲ್ಲಪ್ಪ, ಏನೂ ಇಲ್ಲ.’ ಅವನು ‘ಇಲ್ಲ’ ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾನೆ. ಇನ್ನೂ ಐದು ನಿಮಿಷ ಕೂತಿದ್ದರೆ, ‘ಬೆಳಗ್ಗೆ ಎದ್ದು ಖಾಲಿ ಹೊಟ್ಟೆಗೆ ಏನು ಕುಡೀತೀರಿ?’ ಎಂದು ಕೇಳಿದ್ದರೆ, ‘ಕಷಾಯ ಅಲ್ವಾ, ಅದೇನು ಔಷಧಿಯೇ?’ ಎಂಬ ಉತ್ತರ ಬರುತ್ತಿತ್ತು. ಕೇಸ್ ರಿಪೋರ್ಟ್ ಬರೆಯುವ ಅಭ್ಯಾಸ ಕಲಿಸುವುದು ಈ ಐದು ನಿಮಿಷವನ್ನು. ನೂರು ಫಾರಂ ತುಂಬಿ ಎಕ್ಸೆಲ್ ಶೀಟಿಗೆ ಏರಿಸುವ ಅಭ್ಯಾಸ ಇದನ್ನು ಕಲಿಸುವುದಿಲ್ಲ. ಫಾರಂನಲ್ಲಿ ಕಷಾಯಕ್ಕೆ ಕಲಂ ಇರುವುದಿಲ್ಲ.

ಹಾಗಿದ್ದೂ ನಮ್ಮ ನಿಯಮಗಳು ಪಿಜಿ ಹುಡುಗನಿಗೆ ಹೇಳಿಕೊಡುವುದು ಉಲ್ಟಾ ಪಾಠ. 2015ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು, ಕಾಲೇಜು ಬೋಧಕರ ಬಡ್ತಿಗೆ ಮೂಲ ಸಂಶೋಧನಾ ಲೇಖನ ಮಾತ್ರ ಲೆಕ್ಕಕ್ಕೆ, ಕೇಸ್ ರಿಪೋರ್ಟ್ ಲೆಕ್ಕಕ್ಕಿಲ್ಲ ಎಂದಿತು. ಅದರ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ನಿಯಮದಲ್ಲಿ ಮೆಟಾ ಅನಾಲಿಸಿಸ್‌ಗೆ ಜಾಗ ಕೊಟ್ಟಿತು, ಹಲವು ರೋಗಿಗಳ ಕೇಸ್ ಸೀರೀಸ್‌ಗೂ ಕೊಟ್ಟಿತು. ಒಂಟಿ ಕೇಸು ಹೊರಗೇ ನಿಂತಿತು. ಪರಿಷತ್ತಿಗೆ ಒಂದು ನಿಜವಾದ ಚಿಂತೆ ಇತ್ತು: ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಜರ್ನಲ್‌ಗಳು, ರೋಗಿಯ ಮುಖವನ್ನೇ ನೋಡದವರ ಹೆಸರು ಹೊತ್ತ ಲೇಖನಗಳು. ಆ ಕಳೆ ಕೀಳಬೇಕಾದ್ದೇ. ಆದರೆ ಕಳ್ಳ ಜರ್ನಲ್ ಮೂಲ ಸಂಶೋಧನೆಯನ್ನೂ ಅಷ್ಟೇ ಖುಷಿಯಿಂದ ಅಚ್ಚುಹಾಕುತ್ತದೆ. ನಿಯಮ ಕಿತ್ತುಹಾಕಿದ್ದು ಕಳೆಯನ್ನಲ್ಲ, ಪೈರನ್ನು.

ಎಂಡಿ ಥೀಸಿಸ್‌ಗಳನ್ನೇ ನೋಡಿ. ಮೊದಲ ವರ್ಷದಲ್ಲೇ ಸಿನಾಪ್ಸಿಸ್ ಕೊಡಬೇಕು. ವಾರ್ಡಿನಲ್ಲಿ ಇನ್ನೂ ಏನನ್ನೂ ಕಾಣದ ಹುಡುಗಿ ಗೈಡ್ ಹೇಳಿದ ವಿಷಯಕ್ಕೆ ಒಪ್ಪುತ್ತಾಳೆ, ಅಷ್ಟು ಸಂಖ್ಯೆಯ ರೋಗಿಗಳಲ್ಲಿ ಇಂಥ ರಕ್ತಪರೀಕ್ಷೆಗೂ ಇಂಥ ಕಾಯಿಲೆಯ ತೀವ್ರತೆಗೂ ಇರುವ ಸಂಬಂಧ ಎಂದು. ರಾತ್ರಿ ಡ್ಯೂಟಿ ಮುಗಿಸಿ ಕಣ್ಣುಜ್ಜಿಕೊಂಡು ಅಂಕಿ ತುಂಬುತ್ತಾಳೆ. ಅದು ಕಪ್ಪು ರೆಕ್ಸಿನ್ ಹೊದಿಕೆ ಹೊದ್ದು ಲೈಬ್ರರಿಯ ಕಪಾಟು ಸೇರುತ್ತದೆ. ಅದೇ ಮೂರು ವರ್ಷದಲ್ಲಿ ಅವಳ ಕಣ್ಣೆದುರೇ ಯಾವ ಪುಸ್ತಕದಲ್ಲೂ ಇಲ್ಲದ ನಾಲ್ಕಾರು ಕೇಸುಗಳು ಬಂದು ಹೋಗಿರುತ್ತವೆ. ಡಿಸ್ಚಾರ್ಜ್ ಸಮ್ಮರಿಯ ಎರಡು ಸಾಲಿನಲ್ಲಿ ಅವುಗಳ ಕಥೆ ಮುಗಿಯುತ್ತದೆ. ಇದನ್ನು ಸಂಶೋಧನಾ ತರಬೇತಿ ಎಂದು ಕರೆಯುವುದು ಆ ಹುಡುಗಿಗೆ ಮಾಡುವ ಅನ್ಯಾಯ.

ಪುರಾವೆ ಆಧಾರಿತ ವೈದ್ಯಕೀಯ ಎಂಬ ಮಾತನ್ನು 1990ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ತಂದ ಕೆನಡಾದ ಗಾರ್ಡನ್ ಗಯಾಟ್ ಅವರೇ 1986ರಲ್ಲಿ ಒಬ್ಬನೇ ರೋಗಿಯ ಮೇಲೆ ಪ್ರಯೋಗ ನಡೆಸುವ ಕ್ರಮವನ್ನು ವಿವರಿಸಿದ್ದರು. ಆ ರೋಗಿಗೆ ಕೆಲವು ವಾರ ನಿಜವಾದ ಔಷಧಿ, ಕೆಲವು ವಾರ ಹುಸಿ ಮಾತ್ರೆ. ಯಾವುದು ಯಾವಾಗ ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2000ದಲ್ಲಿ ಗಯಾಟ್ ಮತ್ತು ಸಂಗಡಿಗರು ಸಾಕ್ಷ್ಯಗಳ ಶ್ರೇಣಿ ಹಾಕಿದಾಗ ಚಿಕಿತ್ಸೆಯ ಪ್ರಶ್ನೆಗೆ ತುದಿಯಲ್ಲಿ ಇಟ್ಟದ್ದು ಇದನ್ನೇ. ನಮ್ಮ ತರಗತಿಗಳಲ್ಲಿ ತ್ರಿಕೋನ ಬರೆಯುವಾಗ ಈ ತುದಿ ಎಲ್ಲಿ ಮಾಯವಾಯಿತು?

ಜನರಲ್ ಮೆಡಿಸಿನ್ ಓದುವವರು ನಿತ್ಯ ಉಚ್ಚರಿಸುವ ಹೆಸರುಗಳ ಬುಡ ಕೆದಕಿದರೂ ಇದೇ ಸಿಗುತ್ತದೆ. ಜೇಮ್ಸ್ ಪಾರ್ಕಿನ್ಸನ್ 1817ರ ಪುಸ್ತಕದಲ್ಲಿ ಬರೆದದ್ದು ಆರು ಜನರ ಬಗ್ಗೆ. ಅವರಲ್ಲಿ ಮೂವರು ಬೀದಿಯಲ್ಲಿ ಕಂಡವರು. 1906ರಲ್ಲಿ ಆಲ್‌ಝೈಮರ್ ಒಬ್ಬ ಹೆಂಗಸಿನ ಕಥೆಯನ್ನು ಟ್ಯೂಬಿಂಗನ್ ಸಭೆಯಲ್ಲಿ ಹೇಳಿದಾಗ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಮುಂಬಯಿಯಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಲ್ಯಾನ್ಸೆಟ್‌ಗೆ ಬರೆದದ್ದು ಮೂರೇ ಜನರ ರಕ್ತದ ಬಗ್ಗೆ. ಅದೇ ಇವತ್ತಿನ ಬಾಂಬೆ ಬ್ಲಡ್ ಗ್ರೂಪ್. ಆ ಗುಂಪಿನವರಿಗೆ ಓ ರಕ್ತ ಕೊಟ್ಟರೂ ಜೀವಕ್ಕೆ ಅಪಾಯ ಎಂಬುದು ಆ ಮೂವರಿಂದ ಗೊತ್ತಾಯಿತು.

ಷಿಕಾಗೋದಲ್ಲಿ 1904ರ ಕೊನೆಗೆ ಗ್ರೆನಡಾ ದ್ವೀಪದಿಂದ ಬಂದಿದ್ದ ದಂತವೈದ್ಯಕೀಯ ವಿದ್ಯಾರ್ಥಿಯೊಬ್ಬ ಆಸ್ಪತ್ರೆ ಸೇರಿದ. ಅರ್ನೆಸ್ಟ್ ಐರನ್ಸ್ ಎಂಬ ಇಂಟರ್ನ್ ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿದ್ದವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ ಆರು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡು, 1910ರಲ್ಲಿ ಆರ್ಕೈವ್ಸ್ ಆಫ್ ಇಂಟರ್ನಲ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಒಬ್ಬ ರೋಗಿ, ಕಾರಣ ತಿಳಿಯದ ಕಾಯಿಲೆ. ಇವತ್ತಿನ ಬಡ್ತಿ ಸಮಿತಿಯ ಮುಂದೆ ಆ ಲೇಖನಕ್ಕೆ ಸೊನ್ನೆ ಅಂಕ. ಆದರೆ ಕುಡುಗೋಲು ಕಣ ಎಂಬುದೊಂದಿದೆ ಎಂದು ಗೊತ್ತಿದ್ದರಿಂದಲೇ 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಅದನ್ನು ನೀಲಗಿರಿಯ ಬುಡಕಟ್ಟು ಜನರಲ್ಲಿ ಹುಡುಕಿ ಕಂಡರು. ನೀಲಗಿರಿಯ ಈಚೆಗೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಸೋಲಿಗರ ನಡುವೆ ಅದನ್ನು ಗುರುತಿಸಿ ಚಿಕಿತ್ಸೆಗೆ ನಿಂತರು. 2023ರಲ್ಲಿ ಕೇಂದ್ರ ಸರ್ಕಾರ 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡು ಕುಡುಗೋಲು ಕಣ ರೋಗದ ವಿರುದ್ಧ ರಾಷ್ಟ್ರೀಯ ಅಭಿಯಾನ ಶುರುಮಾಡಿತು. ಏಳು ಕೋಟಿಯ ಆ ಲೆಕ್ಕದ ಮೊದಲ ಅಂಕಿ ಷಿಕಾಗೋದ ಆ ಒಬ್ಬ ವಿದ್ಯಾರ್ಥಿ.

ಒಳ್ಳೆಯ ಕೇಸ್ ರಿಪೋರ್ಟ್ ಬರೆಯುವುದು ಸುಲಭದ ಕೆಲಸವೂ ಅಲ್ಲ. ಯಾವ ದಿನ ಏನಾಯಿತು, ಔಷಧಿ ಶುರುವಾದದ್ದು ಯಾವಾಗ, ನಿಲ್ಲಿಸಿದ ಎಷ್ಟು ದಿನಕ್ಕೆ ಇಳಿಯಿತು, ಬೇರೆ ಯಾವ ಕಾರಣಗಳನ್ನು ಹೇಗೆ ತಳ್ಳಿಹಾಕಿದಿರಿ, ರೋಗಿಯ ಒಪ್ಪಿಗೆ ಪಡೆದಿರಾ ಎಂದೆಲ್ಲ ಕೇಳುವ ಕೇರ್ ಮಾರ್ಗಸೂಚಿ 2013ರಿಂದ ಇದೆ. ಗಾಜಿಯಾಬಾದಿನ ಔಷಧಕೋಶ ಆಯೋಗ ನೋಡಿಕೊಳ್ಳುವ ಔಷಧ ನಿಗಾ ಕಾರ್ಯಕ್ರಮ ನಡೆಯುವುದೂ ಇಂಥ ಒಂಟಿ ವರದಿಗಳ ಮೇಲೆ. 2023ರ ನವೆಂಬರ್‌ನಲ್ಲಿ ಆ ಆಯೋಗ, ಮುಟ್ಟಿನ ನೋವಿಗೆಂದು ಮನೆಮನೆಯಲ್ಲೂ ನುಂಗುವ ಮೆಫೆನಾಮಿಕ್ ಆ್ಯಸಿಡ್ ಬಗ್ಗೆ ಎಚ್ಚರಿಕೆ ಹೊರಡಿಸಿತು. ಮಾತ್ರೆ ತೆಗೆದುಕೊಂಡ ಎರಡರಿಂದ ಎಂಟು ವಾರದಲ್ಲಿ ಜ್ವರ, ಮೈತುಂಬ ದದ್ದು, ಒಳ ಅಂಗಗಳಿಗೂ ಪೆಟ್ಟು ಕೊಡುವ ಡ್ರೆಸ್ ಎಂಬ ಅಪರೂಪದ ಪ್ರತಿಕ್ರಿಯೆ ಬರಬಹುದು ಎಂದು ಅದರಲ್ಲಿತ್ತು. ಎಲ್ಲೋ ಒಬ್ಬ ವೈದ್ಯರು ದದ್ದು ನೋಡಿ, ಹಿಂದಿನ ತಿಂಗಳು ಏನು ನುಂಗಿದ್ದಿರಿ ಎಂದು ಕೇಳಿ, ಫಾರಂ ತುಂಬಿ ಕಳಿಸಿದ್ದಕ್ಕೆ ಅಂಥ ಎಚ್ಚರಿಕೆ ಹೊರಬರುತ್ತದೆ. ಹಾಗೆ ಕಳಿಸಿದವರಿಗೆ ಕಾಲೇಜಿನಲ್ಲಿ ಒಂದು ಅಂಕವೂ ಇಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಕೇರ್ ಕ್ರಮದಲ್ಲಿ ಬರೆದು ಒಳ್ಳೆಯ ಜರ್ನಲ್‌ನಲ್ಲಿ ಬಂದ ಒಂಟಿ ಕೇಸಿಗೂ ವೈದ್ಯಕೀಯ ಆಯೋಗ ಬಡ್ತಿಯಲ್ಲಿ ಅಂಕ ಕೊಡಲಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಎಂಡಿ ವಿದ್ಯಾರ್ಥಿಗಳು ಥೀಸಿಸ್ ಜೊತೆಗೆ, ತಾವೇ ನೋಡಿಕೊಂಡ ಎರಡು ಕೇಸುಗಳನ್ನು ಪೂರ್ತಿಯಾಗಿ ಬರೆದುಕೊಡುವಂತೆ ಮಾಡಲಿ. ಬೀದರ್, ಬಳ್ಳಾರಿ, ಶಿವಮೊಗ್ಗದ ವಾರ್ಡುಗಳಿಂದ ಬಂದ ಅಂಥ ಬರಹಗಳನ್ನು ಹುಡುಕಿ ಓದುವಂತೆ ಒಂದೆಡೆ ಇಡಲಿ. ಔಷಧದ ಅಡ್ಡಪರಿಣಾಮದ ಫಾರಂ ಕಳಿಸಿದ್ದನ್ನು ಪಿಜಿಯ ಲಾಗ್ ಬುಕ್ಕಿನಲ್ಲಿ ಎಣಿಸಲಿ. ಕೋಲಾರದ ಆ ಹೆಣ್ಣುಮಗಳ ಮಾದರಿಯನ್ನು ‘ಯಾವುದಕ್ಕೂ ಹೊಂದುತ್ತಿಲ್ಲ’ ಎಂದು ಬರೆದು ಫೈಲು ಮುಚ್ಚಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ, ಆಪರೇಷನ್ ಹೇಗೂ ಆಗಿತ್ತು. ಅವರು ಮುಚ್ಚಲಿಲ್ಲ. ಈಗ ಇನ್ಯಾವುದೋ ಊರಿನ ರಕ್ತನಿಧಿಯಲ್ಲಿ ಅಂಥದ್ದೇ ಮಾದರಿ ಎದುರಾದರೆ, ಕ್ರಿಬ್ ಇದೆಯೇ ನೋಡಿ ಎಂದು ಹೇಳಲು ಒಂದು ಹೆಸರಿದೆ.